'ಪಟಾಲಂ' ಶಬ್ದದ ಅರ್ಥ ಮತ್ತು ಮೂಲ: ಒಂದು ವಿಮರ್ಶೆ

ಕನ್ನಡದ ಆಡುಮಾತಿನಲ್ಲಿ 'ಪಟಾಲಂ' ಎಂಬುದೊಂದು ಶಬ್ದವುಂಟು. ಊರಿನ ಪ್ರಮುಖನೊಬ್ಬನ ಬೆನ್ನಿಗೆ ಅಂಟಿಕೊಂಡು ತಿರುಗುವ, ಅವನ ಮಾತಿಗೆಲ್ಲ ತಲೆದೂಗುವ, ಅವನ ಹೆಸರಿನ ಬಲದಿಂದಲೇ ಉಳಿದವರ ಮೇಲೆ ದರ್ಪ ನಡೆಸುವ ಜನರ ಗುಂಪನ್ನು ಈ ಶಬ್ದದಿಂದ ಕರೆಯುವುದು ವಾಡಿಕೆ. ಹಳೆಯ ತಲೆಮಾರಿನವರ ಬಾಯಲ್ಲಿ ಇದು 'ಪಟಾಲಮ್ಮು' ಎಂದು ಉಕಾರಾಂತವಾಗಿಯೂ ಕೇಳಿಬರುವುದುಂಟು. ಇಂದಿನ ತರುಣರ ಮಾತಿನಲ್ಲಿ ಇದರ ಬಳಕೆ ಕಡಮೆಯಾಗಿದ್ದರೂ ಪತ್ರಿಕೆಗಳ ರಾಜಕೀಯ ವರದಿಗಳಲ್ಲಿ ಇನ್ನೂ ಉಳಿದುಕೊಂಡಿದೆ. ಗ್ರಾಮ್ಯವೆಂಬ ಕಾರಣದಿಂದ ಶಿಷ್ಟ ಗದ್ಯವು ಇದನ್ನು ದೂರವಿಟ್ಟಿದೆ. ಆದರೆ ಇತಿಹಾಸದ ವಿದ್ಯಾರ್ಥಿಗೆ ಇದು ಉಪೇಕ್ಷಿಸತಕ್ಕ ಶಬ್ದವಲ್ಲ. ಹದಿನೆಂಟನೆಯ ಶತಮಾನದ ದಂಡಯಾತ್ರೆಗಳ ವಿಷಯವಾಗಿ ನಮಗೆ ದೊರೆಯುವ ದಾಖಲೆಗಳು ಬಹುಮಟ್ಟಿಗೆ ಸೇನಾಧಿಪತಿಗಳವು, ಕಂಪೆನಿಯ ಅಧಿಕಾರಿಗಳವು, ಇಲ್ಲವೆ ಆಸ್ಥಾನದ ಬರೆಹಗಾರರವು. ಆ ದಂಡುಗಳು ಹಾದುಹೋದ ಹಾದಿಯ ಮಗ್ಗುಲಲ್ಲಿ ಹೊಲವಿದ್ದವನು ಏನನ್ನೂ ಬರೆದಿಡಲಿಲ್ಲ. ಅವನು ಕಂಡದ್ದಕ್ಕೆ ಇಟ್ಟ ಹೆಸರುಗಳು ಮಾತ್ರ ಉಳಿದಿವೆ. ಆ ಹೆಸರುಗಳಲ್ಲಿ ಒಂದನ್ನು ಇಲ್ಲಿ ಪರೀಕ್ಷಿಸಲಾಗಿದೆ.

ಮೊದಲು ಅರ್ಥವನ್ನು ಸ್ವಲ್ಪ ಬಿಗಿಯಾಗಿ ಹಿಡಿಯಬೇಕು. ಪಟಾಲಂ ಎಂದರೆ ಗುಂಪು ಎಂದಿಷ್ಟೇ ಹೇಳಿದರೆ ಸಾಲದು. ಜಾತ್ರೆಯಲ್ಲಿ ನೆರೆದವರನ್ನು ಯಾರೂ ಪಟಾಲಂ ಎನ್ನುವುದಿಲ್ಲ, ಅದು ಜನಜಂಗುಳಿ. ಕುರಿಗಳದು ಹಿಂಡು, ಸಮಾನಸ್ಕಂಧರದು ಕೂಟ. 'ಮಕ್ಕಳ ದಂಡು' ಎನ್ನುವಾಗ ಹೇಳುವವನ ದನಿಯಲ್ಲಿ ಸಲಿಗೆಯಿರುತ್ತದೆ. ಪಟಾಲಮಿಗೆ ಇವಾವುವೂ ಸಾಲವು. ಅದಕ್ಕೆ ಒಬ್ಬ ಒಡೆಯ ಬೇಕು. 'ಗೌಡರ ಪಟಾಲಂ', 'ಅವನ ಪಟಾಲಂ' ಎಂದು ಷಷ್ಠೀ ವಿಭಕ್ತಿಯೊಡನೆಯೇ ಅದು ಸಾಮಾನ್ಯವಾಗಿ ಬಳಕೆಯಾಗುತ್ತದೆ. ಒಡೆಯನಿಲ್ಲದ ಪಟಾಲಂ ಇಲ್ಲ. ಆ ಗುಂಪಿನವರಿಗೆ ತಮ್ಮದೇ ಆದ ಯಾವ ಯೋಗ್ಯತೆಯೂ ಇಲ್ಲ, ಇರುವುದೆಲ್ಲ ಒಡೆಯನಿಂದ ಬಂದದ್ದು ಎಂಬ ತಿರಸ್ಕಾರವೂ ಶಬ್ದದಲ್ಲಿಯೇ ಸೇರಿದೆ. 'ನಮ್ಮ ಪಟಾಲಂ' ಎನ್ನುವವನು ನಗೆಯಾಡುತ್ತಿದ್ದಾನೆಂದೇ ತಿಳಿಯಬೇಕು. ಈ ಷಷ್ಠಿಯ ಮಾತನ್ನು ಓದುಗರು ನೆನಪಿನಲ್ಲಿಡಬೇಕಾಗಿ ಕೋರಿಕೆ. ಮುಂದೆ ಅದರಿಂದ ಪ್ರಯೋಜನವಿದೆ.

ಮೂಲದ ವಿಷಯದಲ್ಲಿ ಕೇಳಿಬರುವ ವಿವರಣೆಗಳಲ್ಲಿ ಪಂಡಿತರಿಗೆ ಪ್ರಿಯವಾದದ್ದು ಸಂಸ್ಕೃತದ 'ಪಟಲ'. ಮೇಘಪಟಲ, ಧೂಳೀಪಟಲ ಮುಂತಾದ ಸಮಾಸಗಳಲ್ಲಿ ಈ ಶಬ್ದಕ್ಕೆ ಸಮೂಹವೆಂಬ ಅರ್ಥವಿರುವುದು ನಿಜ. ಧ್ವನಿಯ ಹೋಲಿಕೆಯೂ ಉಂಟು. ಆದರೂ ಈ ವಿವರಣೆ ನಿಲ್ಲಲಾರದು. ತತ್ಸಮವಾಗಿ ಬಂದ ನಪುಂಸಕ ಶಬ್ದಗಳು ಹೊಸಗನ್ನಡದಲ್ಲಿ ಅನುಸ್ವಾರವನ್ನು ಕಳೆದುಕೊಂಡು ಅಕಾರಾಂತಗಳಾಗಿ ನಿಲ್ಲುತ್ತವೆ: ಪಟಲ, ಫಲ, ವನ. ಆಡುಮಾತಿನ ಶಬ್ದವೊಂದು ಮಾತ್ರ ಹಳಗನ್ನಡದ ಬಿಂದುವನ್ನು ಜತನವಾಗಿ ಕಾಪಾಡಿಕೊಂಡು ಬಂದಿತೆನ್ನಲು ಕಾರಣವಿಲ್ಲ. ನಡುವಣ ಅಕಾರ ದೀರ್ಘವಾದುದಕ್ಕೂ ಸಮಾಧಾನ ಹೇಳಬೇಕಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸಂಸ್ಕೃತದ ಪಟಲಕ್ಕೆ ಒಡೆಯನಿಲ್ಲ, ತಿರಸ್ಕಾರವೂ ಇಲ್ಲ.

ದೇಶ್ಯಮೂಲವನ್ನು ಹುಡುಕುವವರು 'ಪಡೆ' ಮತ್ತು 'ಆಳು' ಶಬ್ದಗಳನ್ನು ಜೋಡಿಸುತ್ತಾರೆ. ಶಾಸನಗಳ 'ಪಡೆವಳ' ಅವರ ನೆರವಿಗೆ ಬರುತ್ತಾನೆ. ಪಡೆವಳನು ಪಡೆಯ ನಾಯಕನೇ ಹೊರತು ಪಡೆಯಲ್ಲ. ಡಕಾರವು ಟಕಾರವಾಗಿ ಗಡುಸಾಗುವುದು ಕನ್ನಡದ ಜಾಯಮಾನವೂ ಅಲ್ಲ. ನಮ್ಮ ಶಾಸನಗಳಲ್ಲಿ ಸೈನ್ಯಕ್ಕೆ ದಂಡು, ಪಡೆ, ಬಲ, ಕಟಕ ಎಂಬ ಹೆಸರುಗಳು ಹೇರಳವಾಗಿವೆ. ಅಷ್ಟು ಸಮೃದ್ಧಿಯಿದ್ದ ಭಾಷೆಗೆ ಇನ್ನೊಂದು ಹೆಸರು ಏಕೆ ಬೇಕಾಯಿತೆಂಬುದೇ ನಿಜವಾದ ಪ್ರಶ್ನೆ. ಹೊಸ ಹೆಸರು ಬರಬೇಕಾದರೆ ಹೊಸ ವಸ್ತು ಬಂದಿರಬೇಕು.

ಆ ಹೊಸ ವಸ್ತು ಯಾವುದೆಂಬುದು ಚರಿತ್ರೆ ಬಲ್ಲವರಿಗೆ ಗೊತ್ತಿರುವುದೇ. ಯೂರೋಪಿನ ರೀತಿಯಲ್ಲಿ ಕವಾಯತು ಕಲಿತ, ಒಂದೇ ಬಗೆಯ ಉಡುಪು ತೊಟ್ಟ, ತಿಂಗಳ ಸಂಬಳದ ಕಾಲಾಳುಗಳ ತಂಡವೇ ಅದು. ಪಟಾಲಂ ಎಂಬುದು ಯೂರೋಪಿನ 'ಬೆಟಾಲಿಯನ್' ಶಬ್ದದ ರೂಪಾಂತರವೆಂಬ ಮೂರನೆಯ ವಿವರಣೆ ಈ ಕಾರಣದಿಂದ ಸರ್ವಸಾಮಾನ್ಯವಾಗಿ ಅಂಗೀಕೃತವಾಗಿದೆ. ಸ್ಥೂಲವಾಗಿ ಇದು ಸರಿಯೇ. ಆದರೆ ವಿವರಗಳಲ್ಲಿ ಎರಡು ದೋಷಗಳು ಸೇರಿಕೊಂಡಿವೆಯೆಂದು ನನ್ನ ಅಭಿಪ್ರಾಯ. ಒಂದು ರೂಪಕ್ಕೆ ಸಂಬಂಧಿಸಿದ್ದು, ಇನ್ನೊಂದು ಅರ್ಥಕ್ಕೆ.

ರೂಪದ ವಿಷಯವನ್ನು ಮೊದಲು ತೆಗೆದುಕೊಳ್ಳೋಣ. ಆಂಗ್ಲೋ-ಇಂಡಿಯನ್ ಶಬ್ದಗಳ ಪ್ರಸಿದ್ಧ ಕೋಶವಾದ 'ಹಾಬ್ಸನ್-ಜಾಬ್ಸನ್' ೧೮೮೬ರಲ್ಲಿ ಪ್ರಕಟವಾಯಿತು. ಅದರ ಕರ್ತೃಗಳು ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್. ಇವರಲ್ಲಿ ಬರ್ನೆಲ್ ಮಂಗಳೂರು, ತಂಜಾವೂರುಗಳಲ್ಲಿ ನ್ಯಾಯಾಧೀಶನಾಗಿದ್ದು ದಕ್ಷಿಣದ ಭಾಷೆಗಳನ್ನು ಬಲ್ಲವನು. (ಮೊಹರಮ್ಮಿನ ಶೋಕಘೋಷವನ್ನು ಬಿಳಿಯ ಸಿಪಾಯಿಗಳು ತಿರುಚಿ ಹೇಳಿದ ಮಾತೇ ಆ ಕೋಶದ ಹೆಸರಾಗಿದೆ, ಸೈನಿಕರ ಹಾಳುಮಾತಿನ ಬೆಲೆಯನ್ನು ಅರಿತವರು ಅವರು.) ಈ ಕೋಶದಲ್ಲಿ ಹಿಂದುಸ್ತಾನಿಯ 'ಪಲ್ಟನ್' ಎಂಬುದಕ್ಕೆ ಪ್ರಧಾನ ಸ್ಥಾನ ದೊರೆತಿದೆ. ಅದನ್ನು ಬೆಟಾಲಿಯನ್ ಶಬ್ದದ ಅಪಭ್ರಂಶವೆಂದು ಹೇಳಿ, ಪ್ಲಟೂನ್ ಅಥವಾ ಪೆಲೊತೋಂ ಶಬ್ದದ ಬೆರಕೆಯೂ ಇರಬಹುದೆಂದು ಸೂಚಿಸಿ, ದಕ್ಷಿಣದ 'ಪಟಾಲಂ' ಅದೇ ಶಬ್ದದ ಇನ್ನೊಂದು ರೂಪವೆಂದು ತಿಳಿಸಲಾಗಿದೆ. ಮುಂದಿನವರು ಬಹುಮಟ್ಟಿಗೆ ಇದನ್ನೇ ಅನುಸರಿಸಿದ್ದಾರೆ. ಪಲ್ಟನ್ ಮತ್ತು ಪಟಾಲಂ ಒಂದೇ ಶಬ್ದದ ಉತ್ತರ ದಕ್ಷಿಣ ರೂಪಗಳು ಎಂಬ ಮಾತು ಹೀಗೆ ರೂಢಿಗೆ ಬಂದಿತು.

ಇದನ್ನು ಒಪ್ಪುವುದು ಕಷ್ಟ. ವ್ಯಂಜನಗಳ ಕ್ರಮವನ್ನು ನೋಡಿದರೆ ಸಾಕು. ಪಲ್ಟನ್ ಶಬ್ದದಲ್ಲಿ ಪ, ಲ, ಟ, ನ ಎಂಬುದು ಅನುಕ್ರಮ. ಫ್ರೆಂಚಿನ ಪೆಲೊತೋಂ, ಇಂಗ್ಲಿಷಿನ ಪ್ಲಟೂನ್ ಎರಡರಲ್ಲಿಯೂ ಅದೇ ಅನುಕ್ರಮವಿದೆ. ಪಟಾಲಂ ಶಬ್ದದಲ್ಲಿ ಟಕಾರ ಮೊದಲು, ಲಕಾರ ಆಮೇಲೆ. ಬೆಟಾಲಿಯನ್ ಶಬ್ದದಲ್ಲಿರುವುದೂ ಹಾಗೆಯೇ. ವರ್ಣಪಲ್ಲಟ ಭಾಷೆಗಳಲ್ಲಿ ನಡೆಯತಕ್ಕದ್ದೇ. ಆದರೆ ಎರಡು ಮೂಲಗಳು ಎರಡು ರೂಪಗಳಿಗೆ ನೇರವಾಗಿ ಹೊಂದುತ್ತಿರುವಾಗ ಒಂದನ್ನು ತಿರುಗುಮುರುಗಾಗಿಸಿ ಇನ್ನೊಂದಕ್ಕೆ ಕಟ್ಟುವ ಅವಶ್ಯಕತೆ ಕಾಣುವುದಿಲ್ಲ. ಹಿಂದುಸ್ತಾನಿಯಲ್ಲಿ ಬಕಾರ ಪಕಾರಗಳು ಬೇರೆ ಬೇರೆಯಾಗಿಯೇ ಇವೆ; ಬೆಟಾಲಿಯನ್ ಎಂಬುದನ್ನು ಕೇಳಿದವರು ಪಕಾರದಿಂದ ಆರಂಭಿಸಬೇಕಾಗಿರಲಿಲ್ಲ. ಆದುದರಿಂದ ಪಲ್ಟನ್ ಮತ್ತು ಪಟಾಲಂ ಎರಡು ಪ್ರತ್ಯೇಕ ಶಬ್ದಗಳು, ಒಂದೇ ವಸ್ತುವಿಗೆ ಎರಡು ಕಡೆಗಳಲ್ಲಿ ಅಂಟಿಕೊಂಡವು, ಎಂದು ತಿಳಿಯುವುದೇ ಯುಕ್ತ.

ಹಾಗಾದರೆ ಪಟಾಲಮಿನ ಪಕಾರ ಎಲ್ಲಿಂದ ಬಂದಿತು? ಕನ್ನಡದಲ್ಲಿಯೂ ಬಕಾರಕ್ಕೆ ಕೊರತೆಯಿಲ್ಲ. ಪೋರ್ಚುಗೀಸರ 'ಬತಾತ' ನಮ್ಮ ಕರಾವಳಿಯಲ್ಲಿಯೂ ಉತ್ತರದ ಜಿಲ್ಲೆಗಳಲ್ಲಿಯೂ 'ಬಟಾಟೆ'ಯಾಗಿ ನಿಂತಿದೆ. ಬಕಾರವೂ ಅಳಿಯಲಿಲ್ಲ, ಟಕಾರವೂ ಸ್ಪಷ್ಟವಾಗಿದೆ. ಇಂಗ್ಲಿಷಿನ ಬಾಟಲ್ ಬಾಟಲಿಯಾಗಿದೆ. ಬೆಟಾಲಿಯನ್ನಿನ ಯಾವುದಾದರೂ ಯೂರೋಪಿನ ರೂಪ ಕನ್ನಡಕ್ಕೆ ನೇರವಾಗಿ ಬಂದಿದ್ದರೆ ನಾವು ಇಂದು 'ಬಟಾಲ' ಎನ್ನುತ್ತಿದ್ದೆವು. ಪಕಾರವು ತಮಿಳಿನ ಮೂಲಕ ಬಂದುದಕ್ಕೆ ಗುರುತು. ತಮಿಳು ಲಿಪಿಯಲ್ಲಿ ಎರಡಕ್ಕೂ ಒಂದೇ ಅಕ್ಷರ. ಪದಾದಿಯಲ್ಲಿ ಪಕಾರವನ್ನೇ ಉಚ್ಚರಿಸುವುದು ಆ ಭಾಷೆಯ ಸಹಜ ಪ್ರವೃತ್ತಿ. ತಮಿಳಿನಲ್ಲಿ ಶಬ್ದದ ರೂಪ 'ಪಟ್ಟಾಳಂ', ಮಲೆಯಾಳದಲ್ಲಿಯೂ ಅದೇ. ಮದ್ರಾಸಿನಲ್ಲಿ ಪಟ್ಟಾಳಂ ಎಂಬ ಹೆಸರಿನ ಬಡಾವಣೆಯೇ ಇದೆ.

ಕೊನೆಯ 'ಅಂ' ವಿಷಯದಲ್ಲಿ ಇನ್ನೊಂದು ಶಬ್ದ ನೆರವಿಗೆ ಬರುತ್ತದೆ. ಹರಾಜಿಗೆ ಪೋರ್ಚುಗೀಸಿನಲ್ಲಿ 'ಲೈಲಾಂವ್' ಎಂದು ಹೆಸರು. ಇದು ಮಲೆಯಾಳದಲ್ಲಿ ಲೇಲಂ, ತಮಿಳಿನಲ್ಲಿ ಏಲಂ, ತೆಲುಗಿನಲ್ಲಿ ವೇಲಂ ಎಂದಾಯಿತು. ಹಳೆಯ ಮೈಸೂರಿನ ಕಡೆ 'ಏಲಂ' ಎಂದೇ ಬಳಕೆ. ಮರಾಠಿಯಲ್ಲಾದರೋ ಅದು 'ಲಿಲಾವ್'. ಧಾರವಾಡದ ಕಡೆಗೆ ಹೋದರೆ ಕನ್ನಡದಲ್ಲಿಯೂ ಲಿಲಾವು. ಮೂಗಿನಿಂದ ನುಡಿಯುವ ಯೂರೋಪಿನ ಪದಾಂತವನ್ನು ದಕ್ಷಿಣದ ಭಾಷೆಗಳು ತಮ್ಮ ನಪುಂಸಕ ಪ್ರತ್ಯಯವಾದ ಅಂ ಎಂಬುದಕ್ಕೆ ಹೊಂದಿಸಿಕೊಂಡವೆಂಬುದು ಇದರಿಂದ ಸಿದ್ಧವಾಗುತ್ತದೆ. ಪೋರ್ಚುಗೀಸರ 'ಬಟಾಲ್ಯಾಂವ್' ಪಟ್ಟಾಳಂ ಆಗುವುದಕ್ಕೆ ಇಲ್ಲಿ ಸಿದ್ಧವಾದ ಅಚ್ಚು ಇದೆ. ಫ್ರೆಂಚಿನ 'ಬತಾಯೋಂ' ಎಂಬುದರಿಂದಲೂ ಅದೇ ಫಲ ಬರಬಹುದು. ಅದರ ನಡುವಣ ಯಕಾರವನ್ನು ಹದಿನೆಂಟನೆಯ ಶತಮಾನದಲ್ಲಿ ಇನ್ನೂ 'ಲ್ಯ' ಎಂಬಂತೆ ನುಡಿಯುವ ಪದ್ಧತಿಯಿತ್ತು. ತಮಿಳು ಮಲೆಯಾಳಗಳ ಳಕಾರ ಈ ತಾಲವ್ಯ ಧ್ವನಿಯ ಕುರುಹೆಂದು ಹೇಳಲು ಆಸೆಯಾಗುತ್ತದೆ. ಏಲಂ ಶಬ್ದದಲ್ಲಿ ತಮಿಳರು ಳಕಾರವನ್ನು ಬಳಸಲಿಲ್ಲವೆಂಬುದು ಗಮನಾರ್ಹ. ಆದರೆ ಪೋರ್ಚುಗೀಸರ ಚೌಕದ ವಸ್ತ್ರ, ಅದೇ ತಾಲವ್ಯ ಧ್ವನಿಯುಳ್ಳ 'ತುಆಲ್ಯ', ಮಲೆಯಾಳದಲ್ಲಿ 'ತುವಾಲ' ಎಂದು ಲಕಾರದಿಂದಲೇ ನಿಂತಿದೆ. ಒಂದು ಉದಾಹರಣೆಯಿಂದ ನಿಯಮವನ್ನು ಕಟ್ಟುವುದು ಸಾಧುವಲ್ಲ. ಪೋರ್ಚುಗೀಸ್, ಫ್ರೆಂಚ್ ಈ ಎರಡರಲ್ಲಿ ಒಂದು ಮೂಲ, ಇಂಗ್ಲಿಷ್ ಆಮೇಲೆ ಬಂದು ಆ ರೂಪವನ್ನು ಬಲಪಡಿಸಿತು, ಎನ್ನುವಲ್ಲಿಗೆ ನಿಲ್ಲಿಸುವುದು ಲೇಸು. ಆ ಕಾಲದ ಕೋರಮಂಡಲ ತೀರದಲ್ಲಿ ಪೋರ್ಚುಗೀಸ್ ಮಾತು ಎಲ್ಲ ಯೂರೋಪಿಯನರಿಗೂ ವ್ಯವಹಾರ ಭಾಷೆಯಾಗಿತ್ತು. ಕಂಪೆನಿಯ ಕೋಟೆಗಳನ್ನು ಕಾಯುತ್ತಿದ್ದ ತೋಪಾಸಿಗಳೂ ಅದನ್ನೇ ಆಡುತ್ತಿದ್ದರು.

ಕನ್ನಡಕ್ಕೆ ಶಬ್ದವು ಬಂದ ದಾರಿ ಇನ್ನೂ ಕುತೂಹಲಕರ. ತಮಿಳಿನಿಂದ ನೇರವಾಗಿ ಬಂದಿದ್ದರೆ ಒತ್ತಕ್ಷರವೂ ಳಕಾರವೂ ಉಳಿಯಬೇಕಾಗಿತ್ತು. ಲಕಾರ ಳಕಾರಗಳ ವಿಷಯದಲ್ಲಿ ಕೇಶಿರಾಜನ ಕಾಲದಿಂದಲೂ ನಮ್ಮವರ ಕಿವಿ ಸೂಕ್ಷ್ಮವಾದದ್ದೇ. ಕನ್ನಡದ ರೂಪದಲ್ಲಿ ಎರಡೂ ಇಲ್ಲ. ಆದರೆ ತೆಲುಗಿನಲ್ಲಿ ಈ ಶಬ್ದ 'ಪಟಾಲಂ', ಗ್ರಾಂಥಿಕವಾಗಿ 'ಪಟಾಲಮು'. ಅಕ್ಷರಶಃ ನಮ್ಮದೇ. ಹಿರಿಯರ 'ಪಟಾಲಮ್ಮು' ತೆಲುಗಿನ ಮುಕಾರಾಂತವನ್ನು ಇನ್ನೂ ಮರೆತಿಲ್ಲವೆಂದು ತೋರುತ್ತದೆ. ಮದ್ರಾಸು, ಪುದುಚೇರಿಗಳ ತಮಿಳಿನಲ್ಲಿ ಹುಟ್ಟಿ, ತೆಲುಗರ ಬಾಯಲ್ಲಿ ಮೆದುವಾಗಿ, ಬಳ್ಳಾರಿ ಕೋಲಾರಗಳ ಕಡೆಯಿಂದ ಕನ್ನಡಕ್ಕೆ ಇಳಿದ ಶಬ್ದವಿದು ಎಂದು ನಾನು ಊಹಿಸುತ್ತೇನೆ.

ಈ ಊಹೆಗೆ ಚರಿತ್ರೆಯ ಬೆಂಬಲವುಂಟು. ೧೭೪೬ರಲ್ಲಿ ಅಡ್ಯಾರು ನದಿಯ ದಂಡೆಯ ಮೇಲೆ ಪಾರಾದೀಸನ ನಾಯಕತ್ವದಲ್ಲಿ ಫ್ರೆಂಚರ ಚಿಕ್ಕದೊಂದು ಪಡೆ ಆರ್ಕಾಟಿನ ನವಾಬನ ದೊಡ್ಡ ಸೈನ್ಯವನ್ನು ಓಡಿಸಿತು. ಆ ಚಿಕ್ಕ ಪಡೆಯಲ್ಲಿ ಹೆಚ್ಚಿನವರು ಕವಾಯತು ಕಲಿತ ಈ ದೇಶದ ಸಿಪಾಯಿಗಳೇ. ಇದರ ಪಾಠವನ್ನು ಇಂಗ್ಲಿಷರು ಬೇಗ ಕಲಿತರು. ೧೭೪೮ರಲ್ಲಿ ಸ್ಟ್ರಿಂಜರ್ ಲಾರೆನ್ಸ್ ಬಂದನು. ೧೭೫೮ರಲ್ಲಿ ಮದ್ರಾಸಿನ ಸಿಪಾಯಿಗಳನ್ನು ದಳಗಳಾಗಿ ವಿಂಗಡಿಸುವ ಕಾರ್ಯ ಆರಂಭವಾಯಿತು. ಅಷ್ಟರೊಳಗೆ ೧೭೫೭ರಲ್ಲಿ ಕ್ಲೈವನು ಕಲ್ಕತ್ತೆಯಲ್ಲಿ ಕಟ್ಟಿದ ದಳ ಅದರ ಕೆಂಪಂಗಿಯಿಂದಾಗಿ 'ಲಾಲ್ ಪಲ್ಟನ್' ಎಂದು ಹೆಸರಾಗಿತ್ತು. ಉತ್ತರದ ಜನ ಕಂಪೆನಿಯ ಸಿಪಾಯಿಯನ್ನು ಬಹುಕಾಲ 'ತಿಲಂಗ'ನೆಂದೇ ಕರೆದರು. ಮೊದಲು ಅವರು ಕಂಡ ಸಿಪಾಯಿಗಳು ದಕ್ಷಿಣದಿಂದ ಹೋದವರು. ಮದ್ರಾಸಿನ ಸೈನ್ಯದಲ್ಲಿ ಕರ್ನಾಟಿಕ್ ದಳಗಳು, ಸರ್ಕಾರ್ ದಳಗಳು ಎಂಬ ವಿಭಾಗವಿತ್ತು. ಸರ್ಕಾರ್ ದಳಗಳೆಂದರೆ ತೆಲುಗು ನಾಡಿನ ಉತ್ತರ ಸರ್ಕಾರುಗಳವು. ಮೈಸೂರಿನ ಮೇಲೆ ಬಂದ ಸೈನ್ಯದಲ್ಲಿ ತೆಲುಗು ಮಾತು ಕೇಳಿಬರುತ್ತಿದ್ದುದು ಸಹಜವೇ.

ಮೈಸೂರಿನಲ್ಲಿ ಇಂತಹ ದಳಗಳು ಇರಲಿಲ್ಲವೆಂದು ಇದರ ಅರ್ಥವಲ್ಲ. ಹೈದರನು ಫ್ರೆಂಚರ ನೆರವಿನಿಂದ ಕವಾಯತಿನ ಕಾಲಾಳುಗಳನ್ನು ಸಿದ್ಧಪಡಿಸಿದನು. ಟೀಪು ಅದನ್ನು ಮುಂದುವರಿಸಿದನು. ಆದರೆ ಹೆಸರುಗಳ ವಿಷಯದಲ್ಲಿ ಅವನದು ಬೇರೆಯ ದಾರಿ. ಅವನ ಆಜ್ಞೆಯಂತೆ ಜೈನುಲ್ ಆಬಿದೀನ್ ಶುಸ್ತರಿ ಬರೆದ 'ಫತ್‌ಹುಲ್ ಮುಜಾಹಿದೀನ್' ಎಂಬ ಸೇನಾಗ್ರಂಥದಲ್ಲಿ ಯೂರೋಪಿನ ಕವಾಯತು ಉಂಟು, ಯೂರೋಪಿನ ಶಬ್ದಗಳಿಲ್ಲ. ದಳಕ್ಕೆ ಕುಶೂನ್ ಎಂಬ ತುರ್ಕಿ ಮೂಲದ ಹೆಸರು. ಅದರ ಕೆಳಗೆ ರಿಸಾಲ, ಜೌಕ್. ಶಸ್ತ್ರವನ್ನು ಶತ್ರುವಿನಿಂದ ತೆಗೆದುಕೊಂಡರೂ ಹೆಸರನ್ನು ತೆಗೆದುಕೊಳ್ಳಬಾರದೆಂಬ ಹಟ ಇಲ್ಲಿ ಕಾಣುತ್ತದೆ. ಕುಶೂನ್ ಎಂಬುದು ೧೭೯೯ರೊಡನೆ ಅಳಿಯಿತು. ಜನರ ಮಾತಿನಲ್ಲಿ ಅದರ ಗುರುತೂ ಇಲ್ಲ. ಅನಂತರದ ಮೈಸೂರು ಸಂಸ್ಥಾನದಲ್ಲಿ ಕುದುರೆ ಸವಾರರು ಸಿಲ್ಲೇದಾರರು, ಕಾಲಾಳುಗಳು 'ಬಾರ್' ದಳದವರು, ಗಡಿಕಾವಲಿನ ಊರಾಳುಗಳು ಕಂದಾಚಾರದವರು. (ಇಂದು ಕಂದಾಚಾರವೆಂದರೆ ಕುರುಡು ಸಂಪ್ರದಾಯ. ಪೂರ್ಣಯ್ಯನ ಕಾಲದ ಕಾಗದಗಳನ್ನು ಮೊದಲ ಸಲ ಓದುವ ವಿದ್ಯಾರ್ಥಿ 'ಕಂದಾಚಾರದ ಸಿಪಾಯಿ'ಗಳನ್ನು ಕಂಡು ಬೆರಗಾಗುವುದು ಸಾಮಾನ್ಯ.) ಹೀಗೆ ಸಂಸ್ಥಾನದ ಸೈನಿಕರಿಗೆ ಸಂಸ್ಥಾನದ್ದೇ ಹೆಸರುಗಳಿದ್ದವು. ಪಟಾಲಂ ಎಂಬ ಹೆಸರು ಉಳಿದದ್ದು ಹೊರಗಿನಿಂದ ಬಂದವರಿಗೆ: ಮೊದಲು ಶ್ರೀರಂಗಪಟ್ಟಣದಲ್ಲಿ, ೧೮೦೯ರಿಂದ ಬೆಂಗಳೂರಿನಲ್ಲಿ, ಹಾಗೂ ಬಳ್ಳಾರಿಯಲ್ಲಿ ಬೀಡುಬಿಟ್ಟ ಕಂಪೆನಿಯ ಸಿಪಾಯಿಗಳಿಗೆ. ಬೆಂಗಳೂರಿನ ಆ ಬೀಡಿಗೆ ಜನ 'ದಂಡು' ಎಂಬ ತಮ್ಮ ಹಳೆಯ ಶಬ್ದವನ್ನೇ ಕೊಟ್ಟರೆಂಬುದೂ ನಿಜ. ಸ್ಥಳಕ್ಕೆ ಹಳೆಯ ಹೆಸರು ಸಾಕಾಯಿತು, ಅಲ್ಲಿದ್ದವರಿಗೆ ಸಾಕಾಗಲಿಲ್ಲ.

ಇನ್ನು ಎರಡನೆಯ ದೋಷ. ಸೈನ್ಯದ ದಳವೆಂಬ ಗೌರವದ ಅರ್ಥ ಮೊದಲಿತ್ತು, ಕಾಲಕ್ರಮದಲ್ಲಿ ಅದು ಕೆಟ್ಟು ಪುಂಡರ ಗುಂಪೆಂಬ ಅರ್ಥ ಬಂದಿತು, ಇದು ಹೀನಾರ್ಥಪ್ರಾಪ್ತಿಗೆ ಉದಾಹರಣೆ, ಎಂದು ಭಾಷಾಶಾಸ್ತ್ರದ ಪಾಠಗಳ ಮಾದರಿಯಲ್ಲಿ ಹೇಳಿಬಿಡುವುದು ಸುಲಭ. ಈ ವಿವರಣೆಯಲ್ಲಿ ಒಂದು ಪೂರ್ವಗ್ರಹ ಅಡಗಿದೆ. ಗೌರವ ಇತ್ತೆಂಬುದು ಯಾರ ಸಾಕ್ಷ್ಯ? ದಳದ ಅಧಿಕಾರಿಯದೇ ಹೊರತು ಹೊಲದವನದಲ್ಲ.

ಹೊಲದವನು ಕಂಡದ್ದೇನು? ಕಾಗದದ ಮೇಲೆ ಒಂದು ದಳವೆಂದರೆ ಸುಮಾರು ಸಾವಿರ ಸಿಪಾಯಿಗಳು. ಹಾದಿಯ ಮೇಲೆ ಹಾಗಲ್ಲ. ಸಿಪಾಯಿಗಳ ಹೆಂಡಿರು ಮಕ್ಕಳು, ಬಜಾರಿನ ವರ್ತಕರು, ಎತ್ತು ಹೊಡೆಯುವವರು, ಡೋಲಿ ಹೊರುವವರು, ಹುಲ್ಲು ಕೊಯ್ಯುವವರು, ಅಗಸರು, ಸರಾಯಿ ಮಾರುವವರು, ದೊರೆಗಳ ಬಾಣಸಿಗರು ಇವರೆಲ್ಲ ಸೇರಿ ಕಾದುವವರಿಗಿಂತ ಹಲವು ಪಾಲು ಮಂದಿ ಹಿಂದೆ ನಡೆಯುತ್ತಿದ್ದರು. ೧೭೯೧ರ ಮಾರ್ಚಿ ತಿಂಗಳಿನಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದ ಕಾರ್ನ್‌ವಾಲಿಸನು ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಸಮೀಪಕ್ಕೆ ಹೋದರೂ ಮುತ್ತಿಗೆ ಹಾಕಲಾರದೆ ಹಿಂದಿರುಗಿದನು. ಶತ್ರುವಿನ ಗುಂಡುಗಳಿಗಿಂತ ಹೆಚ್ಚಾಗಿ ಅವನನ್ನು ಸೋಲಿಸಿದ್ದು ಎತ್ತುಗಳ ಸಾವು, ಮಳೆ, ದವಸದ ಅಭಾವ. ಎಳೆಯಲು ಎತ್ತುಗಳಿಲ್ಲದೆ ಕೋಟೆ ಒಡೆಯುವ ಫಿರಂಗಿಗಳನ್ನು ತಾನೇ ನಾಶಪಡಿಸಬೇಕಾಯಿತು. ಹಿಂದಿರುಗುವ ಹಾದಿಯಲ್ಲಿ ಅವನ ಸೈನ್ಯದ ಪ್ರಾಣವನ್ನು ಉಳಿಸಿದ್ದು ಎದುರುಗೊಂಡ ಮರಾಠರ ಪಾಳೆಯದ ಬಜಾರು. ಸೈನ್ಯವೆಂದರೆ ಒಂದು ಚಲಿಸುವ ಸಂತೆಯೆಂಬುದು ಸೇನಾಪತಿಗೂ ಅಂದು ಮನವರಿಕೆಯಾಗಿರಬೇಕು. ಆ ಸಂತೆಯ ಹೊಟ್ಟೆಗೆ ಹೋದದ್ದು ಹಾದಿಯ ಹಳ್ಳಿಗಳ ಹುಲ್ಲು, ಧಾನ್ಯ, ಕುರಿ, ಕಟ್ಟಿಗೆ. ಹಳ್ಳಿಯವನಿಗೆ ಸಿಪಾಯಿ ಯಾರು, ಹುಲ್ಲಿನವನು ಯಾರು ಎಂಬ ವಿವೇಚನೆಯಿಂದ ಏನೂ ಆಗಬೇಕಾಗಿರಲಿಲ್ಲ. ದೊರೆಯೊಬ್ಬನ ಹೆಸರನ್ನು ಹೇಳಿಕೊಂಡು ಬಂದು ಬಾಚಿಕೊಂಡು ಹೋಗುವ ಒಂದು ಮಂದೆ, ಅಷ್ಟೆ. ಇಂದಿನ ಆಡುಮಾತಿನ ಅರ್ಥಕ್ಕೂ ಇದಕ್ಕೂ ಅಂತರವೆಷ್ಟು? ಶಬ್ದದ ಅರ್ಥ ಕೆಟ್ಟಿತೆನ್ನುವುದಕ್ಕಿಂತ, ಒಂದು ಪಕ್ಷದವರ ಅರ್ಥ ಅಳಿದು ಇನ್ನೊಂದು ಪಕ್ಷದವರ ಅರ್ಥ ಉಳಿಯಿತೆನ್ನುವುದು ಹೆಚ್ಚು ಸರಿ.

ಷಷ್ಠಿಯ ಮಾತಿಗೆ ಈಗ ಬರಬಹುದು. ಕಂಪೆನಿಯ ದಳಗಳಿಗೆ ಸಂಖ್ಯೆಗಳಿದ್ದವು. ಆ ಸಂಖ್ಯೆಗಳು ಮೇಲಿಂದ ಮೇಲೆ ಬದಲಾಗುತ್ತಿದ್ದವು. ಸಿಪಾಯಿಗಳು, ಅದರಲ್ಲಿಯೂ ಬಂಗಾಳದವರು, ದಳವನ್ನು ಕಟ್ಟಿದ ಅಥವಾ ನಡೆಸಿದ ಅಧಿಕಾರಿಯ ಹೆಸರನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡು 'ಇಂಥವನ ಪಲ್ಟನ್' ಎಂದೇ ಕರೆಯುತ್ತಿದ್ದರು. ದಳವೆಂಬುದು ಒಬ್ಬ ವ್ಯಕ್ತಿಯ ಸ್ವತ್ತೆಂಬ ಭಾವನೆ ಹೀಗೆ ಸೈನಿಕರಲ್ಲಿಯೇ ಇತ್ತು. 'ಗೌಡರ ಪಟಾಲಂ' ಎಂಬುದರ ವ್ಯಾಕರಣ ಬೀದಿಯಲ್ಲಿ ಹುಟ್ಟಿದುದಲ್ಲ, ಪಾಳೆಯದಲ್ಲಿ ಹುಟ್ಟಿದುದು.

ಮರಾಠಿಯಲ್ಲಿ ಇದಕ್ಕೆ ಒಳ್ಳೆಯ ಸಾದೃಶ್ಯವೊಂದಿದೆ. ಮಹಾದಜಿ ಶಿಂದೆ ೧೭೮೪ರಲ್ಲಿ ದ ಬ್ವಾನ್ ಎಂಬುವನನ್ನು ಸೇವೆಗೆ ಸೇರಿಸಿಕೊಂಡು ಯೂರೋಪಿನ ಮಾದರಿಯ ಸೇನಾವಿಭಾಗಗಳನ್ನು ಕಟ್ಟಿಸಿದನು. ಈ ವಿಭಾಗಗಳಿಗೆ 'ಕಂಪೂ' ಎಂದು ಹೆಸರು. ಪೋರ್ಚುಗೀಸಿನ 'ಕಾಂಪೊ' ಅದರ ಮೂಲ. ೧೮೦೩ರಲ್ಲಿ ಅಸಾಯಿ, ಲಾಸ್ವಾಡಿ ಯುದ್ಧಗಳೊಡನೆ ಆ ಕಂಪೂಗಳು ಮುಗಿದವು. ಇಂದಿನ ಮರಾಠಿಯಲ್ಲಿ ಕಂಪೂ ಎಂದರೆ ಒಳಗುಂಪು, ಒಬ್ಬರಿಗೊಬ್ಬರು ಆತುಕೊಂಡು ಇತರರನ್ನು ಹೊರಗಿಡುವವರ ಕೂಟ. ಅಲ್ಲಿಯೂ ಸೈನ್ಯದ ಪರಕೀಯ ಹೆಸರೇ ಈ ಗತಿಗೆ ಬಂದಿತು. (ಕನ್ನಡದಲ್ಲಿ ಆ ಶಬ್ದಕ್ಕೆ ಎಡೆಯಿರಲಿಲ್ಲ, ಕಂಪು ನಮ್ಮಲ್ಲಿ ಅದಾಗಲೇ ಸುವಾಸನೆಯಾಗಿತ್ತು.) ಅದೇ ಮರಾಠಿಯಲ್ಲಿ 'ಪಲ್ಟಣ' ಮಾತ್ರ ನಿಂದೆಯಿಂದ ತಪ್ಪಿಸಿಕೊಂಡಿದೆ. ಮಕ್ಕಳ ಸಮೂಹವನ್ನು ಅಕ್ಕರೆಯಿಂದ ಪಲ್ಟಣ ಎನ್ನುತ್ತಾರೆ. ಮರಾಠಾ ಲಘು ಪದಾತಿದಳದ ಕೇಂದ್ರವಿರುವ ಬೆಳಗಾವಿಯ ಸುತ್ತ ಕನ್ನಡದಲ್ಲಿಯೂ ಪಲ್ಟಣಕ್ಕೆ ಸೈನ್ಯವೆಂಬ ಗೌರವದ ಅರ್ಥವೇ. ಭಾರತದ ಸೈನಿಕರು ಇಂದಿಗೂ ತಮ್ಮ ದಳವನ್ನು ಹೆಮ್ಮೆಯಿಂದ ಪಲ್ಟನ್ ಎನ್ನುತ್ತಾರೆ. ಪಲ್ಟನ್ ಎಂಬುದು ಯೂರೋಪಿಯನರ ದಳಗಳಿಗೆ ಸಲ್ಲದೆಂದು ಯೂಲನ ಕೋಶ ಹೇಳುತ್ತದೆ. 'ಗೋರಾ ಪಲ್ಟನ್' ಎಂಬ ಹಿಂದಿಯ ನುಡಿ ಅದಕ್ಕೆ ವಿರೋಧವಾಗಿ ತೋರಬಹುದು. ಆದರೆ ಗೋರಾ ಎಂಬ ವಿಶೇಷಣ ಬೇಕಾಯಿತೆಂಬುದೇ ಕೇವಲ ಪಲ್ಟನ್ ಎಂದರೆ ಈ ದೇಶದವರದು ಎಂಬುದಕ್ಕೆ ಪ್ರಮಾಣ. ಅಲ್ಲಿ ಪಲ್ಟನ್ ತಮ್ಮದಾಗಿತ್ತು. ಹಳೆಯ ಮೈಸೂರಿನವರಿಗೆ ಪಟಾಲಂ ತಮ್ಮದಾಗಿರಲಿಲ್ಲ.

ಇದಕ್ಕೆ ಬರಬಹುದಾದ ಆಕ್ಷೇಪವನ್ನೂ ನೋಡಬೇಕು. ಅದೇ ಶಬ್ದ ಮಲೆಯಾಳದಲ್ಲಿ ಇಂದಿಗೂ ಸೈನ್ಯಕ್ಕೆ ಸಾಧಾರಣವಾದ ಹೆಸರು. ತೆಲುಗಿನಲ್ಲಿ ವಿಶೇಷ ಪೊಲೀಸ್ ದಳಗಳನ್ನು ಪಟಾಲಂ ಎಂದೇ ಪತ್ರಿಕೆಗಳು ಬರೆಯುತ್ತವೆ. ತಮಿಳಿನಲ್ಲಿ ಚಿತ್ರನಟರ ಅಭಿಮಾನಿಗಳ ಪಟ್ಟಾಳವೂ ಉಂಟು, ಗೆಳೆಯರ ಪಟ್ಟಾಳವೂ ಉಂಟು. ಅದರಲ್ಲಿ ನಿಂದೆ ಅಷ್ಟಿಲ್ಲ. ಶಬ್ದದಲ್ಲಿಯೇ ಅನುಭವ ಅಡಗಿದ್ದರೆ ಎಲ್ಲ ಕಡೆಯೂ ಒಂದೇ ಫಲ ಬರಬೇಕಲ್ಲವೆ? ಬರಬೇಕಾಗಿಲ್ಲ. ತಮಿಳು, ತೆಲುಗು, ಮಲೆಯಾಳಗಳ ನಾಡುಗಳಿಂದ ಮದ್ರಾಸಿನ ಸೈನ್ಯಕ್ಕೆ ಜನ ಸೇರಿದರು. ಸಂಬಳದ ಹಣ, ಅನಂತರ ನಿವೃತ್ತಿಯ ವೇತನ, ಅಲ್ಲಿನ ಹಳ್ಳಿಗಳಿಗೆ ಬಂದಿತು. ಮಗನೋ ತಮ್ಮನೋ ಅದರಲ್ಲಿರುವಾಗ ಪಟ್ಟಾಳವನ್ನು ಹೀಗಳೆಯುವವರಾರು? ಮೈಸೂರು ಸಂಸ್ಥಾನದ ರೈತ ಅದನ್ನು ಬಹುತೇಕ ಹೊರಗಿನಿಂದಲೇ ಕಂಡನು: ೧೭೯೧ರಲ್ಲಿ, ೧೭೯೯ರಲ್ಲಿ, ಮತ್ತೆ ನಗರದ ದಂಗೆಯನ್ನು ಅಡಗಿಸಲು ಅದು ೧೮೩೧ರಲ್ಲಿ ಬಂದಾಗ. ಭಾಷೆಗಳ ಈ ಭೇದವೇ ವಾದಕ್ಕೆ ಪುಷ್ಟಿಯನ್ನು ಕೊಡುತ್ತದೆಂದು ನನಗೆ ತೋರುತ್ತದೆ.

ಸೈನ್ಯದ ಇತರ ಶಬ್ದಗಳಿಗೆ ಕನ್ನಡದಲ್ಲಿ ಆದ ಗತಿಯನ್ನು ಹೋಲಿಸಿ ನೋಡಿದರೆ ಇನ್ನೊಂದು ವಿಶೇಷ ಕಣ್ಣಿಗೆ ಬೀಳುತ್ತದೆ. ಉತ್ತರದಲ್ಲಿ ಯೋಧನಾದ ಜವಾನ ನಮ್ಮಲ್ಲಿ ಕಚೇರಿಯ ಬಾಗಿಲಲ್ಲಿ ಕುಳಿತಿದ್ದಾನೆ. ಸಿಪಾಯಿಯೂ ಕೆಲವು ಜಿಲ್ಲೆಗಳಲ್ಲಿ ಅದೇ ಕೆಲಸಕ್ಕೆ ಬಂದಿದ್ದಾನೆ. ಅಶ್ವದಳದ ದಫೇದಾರ ಜಿಲ್ಲಾಧಿಕಾರಿಯ ಕೊಠಡಿಯ ಮುಂದೆ ರುಮಾಲು ಸುತ್ತಿ ನಿಂತಿದ್ದಾನೆ. ಸೇನಾನಾಯಕನಾಗಿದ್ದ ಫೌಜುದಾರ ಧಾರವಾಡದ ಕಡೆ ಪೊಲೀಸು ಠಾಣೆಯ ಅಧಿಕಾರಿ. ಒಬ್ಬೊಬ್ಬನನ್ನು ಸೂಚಿಸುವ ಹೆಸರುಗಳೆಲ್ಲ ಹೀಗೆ ಸರಕಾರದ ಕಚೇರಿಯಲ್ಲಿ ಆಶ್ರಯ ಪಡೆದು ಮರ್ಯಾದೆಯನ್ನು ಉಳಿಸಿಕೊಂಡವು. ಸಮೂಹವನ್ನು ಸೂಚಿಸುವ ಹೆಸರಿಗೆ ಕಚೇರಿಯಲ್ಲಿ ಸ್ಥಳವಿರಲಿಲ್ಲ. ಅದು ಬೀದಿಗೆ ಬಂದಿತು.

ಬೀದಿಗೆ ಬಂದ ಈ ಶಬ್ದದಿಂದ ಕನ್ನಡವು ಏಕವ್ಯಕ್ತಿಯ ಹೆಸರನ್ನು ಮಾಡಿಕೊಂಡಿಲ್ಲ. ಮಲೆಯಾಳದಲ್ಲಿ ಪಟ್ಟಾಳದ ಒಬ್ಬ ಸೈನಿಕನಿಗೆ 'ಪಟ್ಟಾಳಕ್ಕಾರನ್' ಎಂಬ ಗೌರವದ ಹೆಸರುಂಟು. ರಜೆಯಲ್ಲಿ ಊರಿಗೆ ಬಂದಾಗ ನೆರೆಹೊರೆಯವರು ಅವನನ್ನು ಹಾಗೆಯೇ ಕರೆಯುತ್ತಾರೆ. ಕನ್ನಡದಲ್ಲಿ ಗಾರ, ಇಗ, ವಂತ ಮುಂತಾದ ಪ್ರತ್ಯಯಗಳು ಬೇಕಾದಷ್ಟಿದ್ದರೂ ಪಟಾಲಮಿಗೆ ಅವುಗಳಲ್ಲಿ ಒಂದೂ ಹತ್ತಲಿಲ್ಲ. ಗುಂಪಿನಿಂದ ಒಬ್ಬನನ್ನು ಬೇರ್ಪಡಿಸಿ ಹೇಳಬೇಕಾದಾಗ ನಾವು 'ಅವನ ಪಟಾಲಮಿನಲ್ಲಿ ಒಬ್ಬ' ಎನ್ನುತ್ತೇವೆ, ಆಗಲೂ ಒಡೆಯನ ಹೆಸರೇ ಮೊದಲು.